ಅಳಿಯಂದಿರಿಗೆ ಒಳಲೆ

ನಾನು ಒಂದು ಒಳಲೆ. ಹಸುಗೂಸಿಗೆ ಹರಳೆಣ್ಣೆ, ಮದ್ದು, ಹಸುವಿನ ಹಾಲು ಕುಡಿಸುವ ಪುಟ್ಟ ಪಾತ್ರೆ. ಒಂದು ಹಣತೆಯ ಮೂತಿ ಹಿಡಿದು ಮುಂದಕ್ಕೆ ಎಳೆದರೆ ಹೇಗೆ ಕಂಡೀತೋ ಹಾಗಿದ್ದೇನೆ. ಹಿಂದೆ ಅಗಲ, ಮುಂದೆ ಕೊಕ್ಕು. ಮನೆಮನೆಗೆ ಬಾಟಲಿ ಬಂದ ಮೇಲೆ ನಮ್ಮ ವಂಶವನ್ನು ಕೇಳುವವರು ಕಡಿಮೆ. ಆದರೂ ನನ್ನ ಜಂಬವೇನೂ ಇಳಿದಿಲ್ಲ. ಹಲ್ಲಿಲ್ಲದ ಬಾಯಿಗಳ ವಿಚಾರದಲ್ಲಿ ನನ್ನಷ್ಟು ಬಲ್ಲವರು ಯಾರಿದ್ದಾರೆ? ಮೀಸೆ ಇರುವ ಬಾಯಿಗಳ ವಿಚಾರ ಮಾತ್ರ ನನಗೆ ತಡವಾಗಿ ತಿಳಿಯಿತು. ಹೇಳಬೇಕೆಂದಿರುವುದು ಅದನ್ನೇ.

ನಾಗಮಂಗಲದ ಒಬ್ಬ ಕಂಚುಗಾರ ನನ್ನನ್ನು ಎರಕ ಹೊಯ್ದ. ಅವನ ಕುಲುಮೆಯಲ್ಲಿ ಅಂದು ಕರಗಿದ್ದು ಒಂದು ಒಡೆದ ಗಂಟೆ ಮತ್ತು ಒಂದು ಸೀಳುಬಿಟ್ಟ ಊಟದ ತಟ್ಟೆ. ಈ ಮಾತಿನ ಚಪಲ ನನಗೆ ಗಂಟೆಯ ಕಡೆಯಿಂದ ಬಂದದ್ದು, ಉಣಿಸುವ ಹಂಬಲ ತಟ್ಟೆಯ ಕಡೆಯಿಂದ. ಅಚ್ಚಿನಿಂದ ತೆಗೆದ ಮೇಲೆ ಅವನು ನನ್ನ ಕೊಕ್ಕನ್ನು ಉಜ್ಜಿದ, ಮತ್ತೆ ಉಜ್ಜಿದ, ಕೊನೆಗೆ ತನ್ನ ತುಟಿಗೇ ಒತ್ತಿ ನೋಡಿಕೊಂಡ. ಎಲ್ಲೂ ಚುಚ್ಚಲಿಲ್ಲ. ಆಮೇಲೆಯೇ ಮಾರಾಟಕ್ಕೆ ಇಟ್ಟ.

ಒಂದು ಹೆಣ್ಣುಕೂಸಿನ ಸೋದರಮಾವ ಬಂದು ನನ್ನನ್ನು ಕೊಂಡ. ಆ ಕೂಸೇ ದೇವೀರಮ್ಮ. ನನ್ನ ಕತೆಯೆಲ್ಲ ಇನ್ನು ಅವಳ ಸುತ್ತಲೇ. ಅವಳು ನನ್ನಲ್ಲಿ ಕುಡಿದು ಬೆಳೆದಳು, ಮದುವೆಯಾಗಿ ಹೋಗುವಾಗ ನನ್ನನ್ನೂ ಪೆಟ್ಟಿಗೆಯಲ್ಲಿಟ್ಟುಕೊಂಡು ಹೋದಳು, ತನ್ನ ಒಬ್ಬಳೇ ಮಗಳು ಸುಗುಣಳಿಗೆ ನನ್ನಿಂದಲೇ ಕುಡಿಸಿದಳು. ಕೈಗುಣ ಚೆನ್ನಾಗಿದೆ ಎಂದು ಬೀದಿಯ ಬಾಣಂತಿಯರೆಲ್ಲ ಅವಳನ್ನೇ ಕರೆಯತೊಡಗಿದರು. ಗಂಡ ತೀರಿಕೊಂಡ ಮೇಲಂತೂ ನಾವಿಬ್ಬರೂ ದಿನಾ ಬೆಳಿಗ್ಗೆ ಯಾರಾದರೊಬ್ಬರ ಮನೆಯಲ್ಲಿ ಇರುತ್ತಿದ್ದೆವು.

ಒಳಲೆ ಹಾಕುವುದೆಂದರೆ ಸುಮ್ಮನೆ ಬಾಯಿಗೆ ಹೊಯ್ಯುವುದಲ್ಲ. ದೇವೀರಮ್ಮ ಎರಡೂ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಡಗೈಯಲ್ಲಿ ಕೆನ್ನೆ ಹಿಡಿದು, ನನ್ನ ಕೊಕ್ಕನ್ನು ಬಾಯಿಯ ಓರೆಯಲ್ಲಿ ಇಡುತ್ತಿದ್ದಳು. ಜೊತೆಗೆ ಮಾತು ಶುರು. "ಕುಡ್ಕಳೋ ನನ್ ಬಂಗಾರ, ಜಾಣಮರಿ, ಇನ್ನೊಂದ್ ಗುಟುಕು, ಆಂ, ಹೋಯ್ತು ಹೋಯ್ತು." ಮಾತಿನ ಎಳೆಗೆ ಕೂಸು ಕಿವಿಗೊಟ್ಟಾಗ ಗಂಟಲು ಸಡಿಲವಾಗುತ್ತದೆ. ಅವಳ ಕೈ ಬಗ್ಗುವುದೂ ಆ ಮಾತಿನ ಲಯಕ್ಕೇ. "ಬಂಗಾರ" ಎನ್ನುವಾಗ ಒಂದು ಗುಟುಕು, "ಜಾಣಮರಿ" ಎನ್ನುವಾಗ ಇನ್ನೊಂದು. ಕೈ ಮತ್ತು ನಾಲಿಗೆ ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತುಗಳಾಗಿಬಿಟ್ಟಿದ್ದವು. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಸುಗುಣಳ ಗಂಡ ಮರಿಸ್ವಾಮಿ. ಪಕ್ಕದ ಹೋಬಳಿಯ ಲೈನ್‌ಮನ್. ಕರೆಂಟು ಹೋದರೆ ಎಂಟು ಊರಿನವರು ದೇವರಿಗಿಂತ ಮೊದಲು ಅವನನ್ನು ನೆನೆಯುತ್ತಿದ್ದರು. ಅತ್ತೆಯ ಮನೆಗೆ ಬಂದರೆ ಅವನಿಗೆ ರಾಜಮರ್ಯಾದೆ. ದೇವೀರಮ್ಮ ಸೆರಗು ತಲೆ ಮೇಲೆ ಎಳೆದುಕೊಂಡು, ಬಾಗಿಲ ಮರೆಯಲ್ಲಿ ನಿಂತು, "ಅಳಿಯಂದ್ರು ಕೈ ತೊಳ್ಕಳ್ಳಿ, ಅಳಿಯಂದ್ರು ಎಲೆ ಮುಂದಕ್ಕೆ ಬನ್ನಿ" ಎನ್ನುವಳು. ಅವನ ಹೆಸರನ್ನು ಅವಳು ಒಮ್ಮೆಯಾದರೂ ಬಾಯಲ್ಲಿ ಎತ್ತಿದ್ದಿಲ್ಲ. ಏಕವಚನವಂತೂ ಕನಸಿನಲ್ಲೂ ಇಲ್ಲ. ತಾಯಿಯಿಲ್ಲದೆ ಬೆಳೆದ ಮರಿಸ್ವಾಮಿಗೆ ಈ ಮರ್ಯಾದೆ ಸ್ವಲ್ಪ ಭಾರವೇ ಆಗುತ್ತಿತ್ತು. ಎರಡು ತುತ್ತು ಕಡಿಮೆ ಉಂಡು ಎದ್ದು ಹೋಗುತ್ತಿದ್ದ.

ಸುಗುಣ ಬಸುರಿಯಾಗಿ ತವರಿಗೆ ಬಂದಳು. ಬೀದಿಗೆಲ್ಲ ಬಾಟಲಿ ಬಂದ ಮೇಲೆ ಅಟ್ಟ ಸೇರಿದ್ದ ನನ್ನನ್ನು ಇಳಿಸಿದರು. ಹುಣಸೆಹಣ್ಣು ಹಾಕಿ ತಿಕ್ಕಿ, ಬಜೆಬೇರು, ಸಾಂಬ್ರಾಣಿ, ಹರಳೆಣ್ಣೆಯ ಪಕ್ಕದಲ್ಲಿ ಇಟ್ಟರು. ಹೊಸ ಬಾಯಿಗೆ ಕಾಯುತ್ತ ನಾನು ಫಳಫಳ ಹೊಳೆಯುತ್ತಿದ್ದೆ. ಆಗಲೇ ಸುದ್ದಿ ಬಂತು. ಮಳೆ ನಿಂತ ಮೇಲೆ ಕಂಬ ಹತ್ತಿದ್ದ ಮರಿಸ್ವಾಮಿ ಕಾಲು ಜಾರಿ ಕೆಳಗೆ ಬಿದ್ದಿದ್ದ. ಕುತ್ತಿಗೆಯ ಮೂಳೆಗೆ ಪೆಟ್ಟಾಗಿತ್ತು.

ತುಂಬುಬಸುರಿ ಮಗಳು ಆಸ್ಪತ್ರೆಯಲ್ಲಿ ಕೂರುವಂತಿರಲಿಲ್ಲ. ಅವಳನ್ನು ನೆರೆಮನೆಯವರ ಸುಪರ್ದಿಗೆ ಬಿಟ್ಟು, ಜಿಲ್ಲಾಸ್ಪತ್ರೆಯಲ್ಲಿ ಅಳಿಯನನ್ನು ನೋಡಿಕೊಳ್ಳಲು ದೇವೀರಮ್ಮನೇ ಹೊರಟಳು. ಒಂದು ವಾರ ಕಳೆದು, ಬಟ್ಟೆ ತೆಗೆದುಕೊಂಡು ಹೋಗಲು ಮನೆಗೆ ಬಂದವಳು ಕಪ್ಪಿಟ್ಟುಹೋಗಿದ್ದಳು. ಚೀಲಕ್ಕೆ ಸೀರೆ ತುರುಕುವಾಗ ಅವಳ ಕಣ್ಣು ನನ್ನ ಮೇಲೆ ಬಿತ್ತು. ನೋಡುತ್ತ ನಿಂತಳು. ಆಮೇಲೆ ನನ್ನನ್ನೂ ಚೀಲಕ್ಕೆ ಹಾಕಿದಳು.

"ಅವ್ವ, ಅದು ಕೂಸಿಗಲ್ವಾ?" ಎಂದಳು ಸುಗುಣ.

"ಕೂಸು ಬರೋದು ಆಮೇಲೆ ಕಣೆ. ಮೊದ್ಲು ಕೂಸಿನಪ್ಪ ಉಳ್ಕಳ್ಲಿ."

ಹೀಗೆ ನಾನು ಗಂಡಸರ ವಾರ್ಡಿಗೆ ಬಂದೆ. ಫಿನಾಯಿಲ್ ವಾಸನೆ, ಕಬ್ಬಿಣದ ಮಂಚಗಳು, ಮುರಿದ ಮೂಳೆ ಎಳೆದು ಹಿಡಿಯಲು ಮಂಚಕ್ಕೊಂದು ನೇತುಬಿದ್ದ ತೂಕ. ಮೂಳೆ ಕೂಡುವವರೆಗೆ ತಿಂಗಳುಗಟ್ಟಲೆ ಅಂಗಾತ ಮಲಗಬೇಕಾದವರ ಜಾಗ ಅದು. ಮರಿಸ್ವಾಮಿಯ ತಲೆಗೆ ಚಿಮಟದಂಥ ಕಬ್ಬಿಣ ಸಿಕ್ಕಿಸಿ, ಹಿಂದಕ್ಕೆ ತೂಕ ಇಳಿಬಿಟ್ಟಿದ್ದರು. ತಲೆ ಎತ್ತುವಂತಿಲ್ಲ, ಹೊರಳಿಸುವಂತಿಲ್ಲ. ಕೈಗಳಲ್ಲಿ ಜೋಮು. ಅವನಿಗೆ ಕಾಣುತ್ತಿದ್ದುದು ಸೂರು ಮತ್ತು ಅದರ ಫ್ಯಾನು ಮಾತ್ರ. ಫ್ಯಾನಿನ ತಂತಿ ಸರಿಯಾಗಿ ಸುತ್ತಿಲ್ಲವೆಂದು ಬಂದವರಿಗೆಲ್ಲ ಹೇಳುತ್ತಿದ್ದನಂತೆ. ಈಚೆಗೆ ಅದನ್ನೂ ಬಿಟ್ಟಿದ್ದ.

ಕಷ್ಟವಿದ್ದದ್ದು ನೀರಿನಲ್ಲಿ. ಲೋಟದಲ್ಲಿ ಕೊಟ್ಟರೆ ಕತ್ತಿಗೆ ಇಳಿದು ಹಾಸಿಗೆ ಒದ್ದೆ. ಸ್ಟ್ರಾದಲ್ಲಿ ಎಳೆದರೆ ಒಮ್ಮೆಗೇ ನುಗ್ಗಿ ಕೆಮ್ಮು. ಕೆಮ್ಮಿದರೆ ಕುತ್ತಿಗೆಯಲ್ಲಿ ಜೀವ ಹೋಗುವ ನೋವು. ಇದರ ಮೇಲೆ ನಾಚಿಕೆ ಬೇರೆ. ಮೂತ್ರಕ್ಕೆ ನಳಿಕೆ ಹಾಕಿ ಮಂಚದ ಪಕ್ಕ ಚೀಲ ನೇತುಹಾಕಿದ್ದರು. ಕುಡಿದರೆ ಚೀಲ ತುಂಬುತ್ತದೆ. ತುಂಬಿದ ಚೀಲ ಖಾಲಿ ಮಾಡುವವಳು ಅತ್ತೆ, ಬಾಗಿಲ ಮರೆಯಲ್ಲಿ ನಿಂತು ಬಡಿಸುತ್ತಿದ್ದ ಅತ್ತೆ. ಅವನು ಕುಡಿಯುವುದನ್ನೇ ಕಡಿಮೆ ಮಾಡಿಬಿಟ್ಟಿದ್ದ. "ಬರೀ ಗ್ಲೂಕೋಸ್ ಮೇಲೆ ಬಿಡೋಕಾಗಲ್ಲಮ್ಮ" ಎಂದಿದ್ದರು ಡಾಕ್ಟರು. "ನೀರು ಒಳಗೆ ಹೋಗಬೇಕು. ಸೋಂಕು ಹತ್ತಿದರೆ ಆಪರೇಷನ್ ಮಾಡೋಕೆ ಬರಲ್ಲ." ಆಪರೇಷನ್ ಆಗದಿದ್ದರೆ ಅವನು ಎದ್ದು ಕೂರುವುದು ಸುಳ್ಳು.

ವಾರ್ಡಿನ ಗ್ಲಾಡಿಸ್ ಸಿಸ್ಟರ್ ನನ್ನನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಮಂಗಳೂರಿನ ಕಡೆಯವರು, ಅಚ್ಚುಕಟ್ಟಾದ ಮಾತು. "ಒಳ್ಳೆಯದೇ ತಂದಿದ್ದೀರಿ. ಮೊದಲು ಕುದಿಸ್ತೇನೆ. ಆಮೇಲೆ ಕೆನ್ನೆಯ ಒಳಬದಿಯಿಂದ, ಚೂರು ಚೂರೇ." ಸೂಜಿ, ಕತ್ತರಿಗಳ ಜೊತೆ ನನ್ನನ್ನೂ ಬಿಸಿನೀರಿನಲ್ಲಿ ಕುದಿಸಿದರು. ಕುಲುಮೆ ಕಂಡ ಜೀವ ನನ್ನದು, ಹೆದರಲಿಲ್ಲ.

ದೇವೀರಮ್ಮ ಸ್ಟೂಲು ಎಳೆದು ಕೂತು, ಎಡಗೈ ಅಳಿಯನ ಕೆನ್ನೆಗೆ ಇಟ್ಟು, ನನ್ನ ಕೊಕ್ಕನ್ನು ತುಟಿಯ ಓರೆಯಲ್ಲಿ ಇಟ್ಟಳು. ಮೊದಲ ಗುಟುಕು ಹೋಯಿತು. ಒಂದು ತೊಟ್ಟೂ ಚೆಲ್ಲಲಿಲ್ಲ. ಎರಡನೆಯದೂ ಹೋಯಿತು. ಒಣಗಿದ ನಾಲಿಗೆ ನೆನೆದು ಅವನು ಕಣ್ಣು ಮುಚ್ಚಿದ. ಎಂಥ ನೆಮ್ಮದಿಯಿತ್ತು ಆ ಮುಖದಲ್ಲಿ! ನನಗೂ ಹಿಗ್ಗು. ಕೈ ತನ್ನ ಹಳೆಯ ದಾರಿ ಹಿಡಿದಿತ್ತು. ನಾಲಿಗೆ ಸುಮ್ಮನಿದ್ದೀತೇ?

"ಕುಡ್ಕಳೋ ನನ್ ಬಂಗಾರ," ಎಂದಳು ದೇವೀರಮ್ಮ, ಇಡೀ ವಾರ್ಡಿಗೆ ಕೇಳುವಂತೆ. "ಜಾಣಮರಿ, ಇನ್ನೊಂದ್ ಗುಟುಕು, ಆಂ, ಹೋಯ್ತು ಹೋಯ್ತು."

ತಲೆ ಹೊರಳಿಸಬಲ್ಲವರೆಲ್ಲ ಇತ್ತ ಹೊರಳಿಸಿದರು. ಆಮೇಲೆ ಎದುರು ಮಂಚದಿಂದ ದೊಡ್ಡ ನಗೆ ಸಿಡಿಯಿತು. ಅದು ಪೈಲ್ವಾನ್ ಚೆಲುವಯ್ಯನದು. ಮೈಸೂರಿನ ಗರಡಿಗಳಲ್ಲಿ ಮಣ್ಣು ಮುಕ್ಕಿಸಿ ಮುಕ್ಕಿಸಿ ಮುದುಕನಾದ ಆಸಾಮಿ. ಬಚ್ಚಲಲ್ಲಿ ಬಿದ್ದು ತೊಡೆ ಮುರಿದುಕೊಂಡು ಆ ವಾರ್ಡಿಗೆ ಎಲ್ಲರಿಗಿಂತ ಹಳಬನಾಗಿದ್ದ. ಅವನು ನಕ್ಕ ಮೇಲೆ ಎಲ್ಲರೂ ನಕ್ಕರು. "ಮರಿಸ್ವಾಮಿ ಹೋಗಿ ಜಾಣಮರಿ ಆದ್ನಲ್ಲಪ್ಪೋ!" ಎಂದು ಇನ್ನೊಬ್ಬ ಕೂಗಿದ. ಎಷ್ಟೋ ದಿನದಿಂದ ನಗು ಕಾಣದ ಜನ, ಕೆಟ್ಟ ಮನಸ್ಸಿನಿಂದ ನಕ್ಕಿದ್ದಲ್ಲ. ಆದರೆ ಮುಖ ಮುಚ್ಚಿಕೊಳ್ಳಲೂ ಕೈ ಏಳದವನಿಗೆ ಅದು ಹೇಗೆ ಗೊತ್ತಾಗಬೇಕು? ಮರಿಸ್ವಾಮಿಯ ಬಾಯಿ ಗಪ್ಪನೆ ಮುಚ್ಚಿತು.

"ಅದ ಒಳಿಕ್ಕೆ ಮಡಗಿ ಅತ್ತೆಮ್ಮ. ನಂಗ್ ಬ್ಯಾಡ."

ಸಂಜೆ ದೇವೀರಮ್ಮ ಮತ್ತೆ ಪ್ರಯತ್ನಿಸಿದಳು. ಈ ಸಲ ಸೆರಗು ತಲೆ ಮೇಲೆ, ತುಟಿ ಹೊಲಿದ ಹಾಗೆ. "ಅಳಿಯಂದ್ರು ಕುಡೀರಿ" ಎಂದಷ್ಟೇ ಹೇಳಿ ನನ್ನನ್ನು ಬಗ್ಗಿಸಿದಳು. ಅಯ್ಯೋ, ಮಾತಿಲ್ಲದೆ ಆ ಕೈಗೆ ದಾರಿಯೇ ತಿಳಿಯಲಿಲ್ಲ! ಯಾವಾಗ ಬಗ್ಗಬೇಕು, ಯಾವಾಗ ನಿಲ್ಲಬೇಕು, ಎಲ್ಲ ತಪ್ಪಿತು. ನೀರು ನೆತ್ತಿಗೆ ಹತ್ತಿ ಅವನು ಕೆಮ್ಮಿದ. ಕೆಮ್ಮಿನ ಹಿಂದೆ ಕುತ್ತಿಗೆಯ ನೋವು ಬಂತು, ಅವನು ಚೀರಿದ. ಗ್ಲಾಡಿಸ್ ಸಿಸ್ಟರ್ ಓಡಿ ಬಂದರು.

ಮಾರನೆಯ ದಿನ ಅವನು ಯಾರು ಕೊಟ್ಟರೂ ನೀರಿಗೆ ಬಾಯಿ ತೆರೆಯಲಿಲ್ಲ. ಅದರ ಮರುದಿನ ಮೈ ಬಿಸಿಯಾಯಿತು. ಚೀಲದಲ್ಲಿ ಇದ್ದಷ್ಟು ನೀರೂ ಕಂದು ಬಣ್ಣಕ್ಕೆ ತಿರುಗಿತ್ತು. ಡಾಕ್ಟರು ಸೂಜಿಮದ್ದು ಬರೆದು, ಆಪರೇಷನ್ ಮುಂದಕ್ಕೆ ಹಾಕಿದರು. ದೇವೀರಮ್ಮ ವರಾಂಡದ ನಲ್ಲಿಯ ಕೆಳಗೆ ನನ್ನನ್ನು ತೊಳೆಯುತ್ತ ಅತ್ತಳು. "ನನ್ ನಾಲಿಗೆಗೆ ಬೆಂಕಿ ಹಾಕ. ಅಳಿಯಂದ್ರನ್ನ ಏಕವಚನದಾಗೆ ಕರ್ದು ಮಾನ ಕಳೆದ್ನಲ್ಲ. ಮಗಳ್ಗೆ ಏನಂತ ಮುಖ ತೋರ್ಸಲಿ" ಎಂದು ನನಗೇ ಹೇಳಿಕೊಂಡಳು. ನನಗೆ ಬಾಯಿದೆ, ಮಾತಿಲ್ಲ. ಇದ್ದಿದ್ದರೆ ಹೇಳುತ್ತಿದ್ದೆ, ತಪ್ಪು ನಿನ್ನ ನಾಲಿಗೆಯದಲ್ಲ ಕಣವ್ವ, ನಿನ್ನ ನಾಲಿಗೆಯೇ ಅವನ ಮದ್ದು ಎಂದು.

ಅವಳು ಅಳುವುದನ್ನು ತೆರೆದ ಕಿಟಕಿಯಿಂದ ಒಬ್ಬರು ಕೇಳಿಸಿಕೊಂಡರು. ಕಿಟಕಿಯ ಪಕ್ಕದ ಮಂಚ ಪೈಲ್ವಾನನದು.

ಆ ಮಧ್ಯಾಹ್ನ ಕ್ಯಾಂಟೀನಿನವನು ಟೀ ಕೆಟಲ್ ಹಿಡಿದು ಬಂದಾಗ ಪೈಲ್ವಾನ ಗುಡುಗಿದ. "ದೇವೀರವ್ವ, ಆ ಒಳಲೆ ಇತ್ತ ತಾ ತಾಯಿ."

"ನಿಮಗ್ಯಾಕೆ ಪೈಲ್ವಾನ್ರೇ? ನಿಮ್ ಕೈ ಗಟ್ಟಿಯಾಗೈತಲ್ಲ."

"ಕೈ ಐತೆ ತಾಯಿ. ಹಾಕೋರಿಲ್ಲ."

ಅವನನ್ನು ನೋಡಲು ಯಾರೂ ಬಂದದ್ದನ್ನು ವಾರ್ಡು ಕಂಡಿರಲಿಲ್ಲ. ದೇವೀರಮ್ಮ ನನ್ನಲ್ಲಿ ಟೀ ತುಂಬಿ, ಆರಿಸಿ, ಅವನ ತುಟಿಗೆ ಇಟ್ಟಳು. ಅವನು ಬಾಯಿ ಮುಚ್ಚಿಕೊಂಡೇ ತಲೆ ಅಲ್ಲಾಡಿಸಿದ.

"ಹಿಂಗಲ್ಲ. ಮಾತೂ ಹಾಕು. ಆವತ್ತು ಹಾಕ್ದಂಗೆ. ಮಾತಿಲ್ದಿದ್ರೆ ನಂಗ್ ಒಳಿಕ್ಕೆ ಇಳಿಯಾಕಿಲ್ಲ."

ಅವಳು ನಾಚಿ ನೀರಾದಳು. ಆಮೇಲೆ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಬಿಟ್ಟು, ಶುರು ಮಾಡಿದಳು. "ಕುಡ್ಕಳೋ ನನ್ ಬಂಗಾರ. ಜಾಣಮರಿ." ಆನೆಯಂಥ ಪೈಲ್ವಾನ ಕಣ್ಣು ಮುಚ್ಚಿ ಗುಟುಕು ಗುಟುಕಾಗಿ ಕುಡಿದ. ಅವನ ಮೀಸೆ ನನ್ನೊಳಗೇ ಅದ್ದಿಕೊಂಡಿತು. ಅಂಥ ಪೊದೆಯನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ, ಸೀನು ಬರುವ ಹಾಗಾಯಿತು. ಯಾರೂ ನಗಲಿಲ್ಲ, ಹೆದರಿಕೆ. ಪೈಲ್ವಾನ ಮೀಸೆ ಒರೆಸಿಕೊಂಡು ಸುತ್ತ ನೋಡಿದ. "ಯಾಕ್ರಲಾ ಸುಮ್ಕಿದೀರಿ? ನಗ್ರಲಾ. ನಾನೂ ಮರೀನೇ ಈಗ." ವಾರ್ಡಿಗೆ ವಾರ್ಡೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. "ನಂಗೂ ಒಸಿ ಹಾಕವ್ವ" ಎಂದು ಮೂಲೆಯ ಮಂಚದಿಂದ ಇನ್ನೊಬ್ಬ ಕೂಗಿದ.

ಸೂರು ಬಿಟ್ಟು ಬೇರೇನೂ ಕಾಣದ ಮರಿಸ್ವಾಮಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. "ಏನಾಯ್ತಾ ಐತೆ ಅಲ್ಲಿ?" ಎಂದ, ಒಣಗಿದ ದನಿಯಲ್ಲಿ.

"ನಿನ್ ಪಾಲು ನಾನ್ ಕುಡೀತಾ ಇವ್ನಿ ಲೈನ್‌ಮನ್ನು," ಎಂದ ಪೈಲ್ವಾನ. "ಬೇಕಾದ್ರೆ ಈಗ್ಲೇ ಕೇಳು. ಆಮ್ಯಾಕೆ ಸಿಕ್ಕಾಕಿಲ್ಲ."

ಮರಿಸ್ವಾಮಿಯ ತುಟಿ ಓರೆಯಾಯಿತು. ಅವನು ಬಿದ್ದ ಮೇಲೆ ನಕ್ಕದ್ದು ಅದೇ ಮೊದಲು. "ಅತ್ತೆಮ್ಮ, ಇತ್ತಗೂ ಒಸಿ ತನ್ನಿ" ಎಂದ.

ದೇವೀರಮ್ಮ ನನ್ನನ್ನು ತೊಳೆದು, ನೀರು ತುಂಬಿಕೊಂಡು ಓಡಿ ಬಂದಳು. ಈಗ ಅವಳಿಗೊಂದು ಪೇಚು. ಮಾತಿಲ್ಲದೆ ಕೈ ಓಡದು, ಅಳಿಯನಿಗೆ ಏಕವಚನ ಬಳಸಲು ಜೀವ ಒಪ್ಪದು. ಕೊನೆಗೆ ಅವಳೊಂದು ದಾರಿ ಕಂಡುಕೊಂಡಳು. "ಕುಡ್ಕಳ್ಳಿ ನನ್ ಬಂಗಾರದೋರು. ಜಾಣಮರಿಯೋರು. ಇನ್ನೊಂದ್ ಗುಟುಕು ತಕ್ಕಳ್ಳಿ, ಹೋದ್ರು ಹೋದ್ರು." ಹಸುಗೂಸಿನ ಮಾತಿಗೆ ಬಹುವಚನ ಕಟ್ಟಿದ್ದನ್ನು ನಾನು ಕೇಳಿದ್ದು ಅಲ್ಲೇ. ನಕ್ಕರೂ ಕೆಮ್ಮು ಬರಬಾರದೆಂದು ಮರಿಸ್ವಾಮಿ ತುಟಿ ಬಿಗಿಹಿಡಿದು, ಮೂರು ಸಲ ನನ್ನನ್ನು ಬರಿದು ಮಾಡಿದ. ಸಂಜೆ ಚೀಲ ಖಾಲಿ ಮಾಡಿಕೊಂಡು ಬಂದ ದೇವೀರಮ್ಮ, ಕೂಸು ಚೆನ್ನಾಗಿ ಹಾಲು ಕುಡಿದ ಸಂಭ್ರಮದಲ್ಲೇ "ಬೋ ಚೆನ್ನಾಗಿ ಹೋಗೈತೆ ಸಿಸ್ಟರಮ್ಮ!" ಎಂದು ಬಾಗಿಲಿಂದಲೇ ಕೂಗಿದಳು. ಮರಿಸ್ವಾಮಿ ಕಣ್ಣು ಮುಚ್ಚಿಕೊಂಡ. ಆದರೆ ಮರುದಿನ ಕುಡಿಯುವುದನ್ನು ಬಿಡಲಿಲ್ಲ.

ಜ್ವರ ಇಳಿಯಿತು. ಆಪರೇಷನ್ನಿಗೆ ದಿನ ಗೊತ್ತಾಯಿತು. ಆ ಬೆಳಿಗ್ಗೆ ಹನಿ ನೀರೂ ಕೊಡಬಾರದೆಂದು ಹೇಳಿದ್ದರಿಂದ ನಾನು ಬೋರಲು ಬಿದ್ದುಕೊಂಡಿದ್ದೆ. ಗಾಲಿಮಂಚ ಹೊರಡುವ ಹೊತ್ತಿಗೆ ಮರಿಸ್ವಾಮಿ ಮೆಲ್ಲಗೆ ಅಂದ, "ಅತ್ತೆಮ್ಮ, ಭಯ ಆಯ್ತದೆ. ಮೊದಲ್ನೇ ದಿನ ಕರುದ್ರಲ್ಲ, ಒಂದ್ಸಲ ಹಂಗೆ ಕರೀರಿ." ದೇವೀರಮ್ಮ ಬಾಯಿ ತೆರೆದಳು. ಎಷ್ಟು ತಿಣುಕಿದರೂ ಆ ಮಾತು ಹೊರಗೆ ಬರಲೊಲ್ಲದು. ಕೈಯಲ್ಲಿ ನಾನಿರಲಿಲ್ಲವಲ್ಲ! "ಹೋಗ್ಬನ್ನಿ ಅಳಿಯಂದ್ರೇ" ಎಂದಷ್ಟೇ ಅಂದಳು. ಗಾಲಿಮಂಚ ತಿರುವಿನಲ್ಲಿ ಮರೆಯಾದ ಮೇಲೆ ಗೋಡೆಗೆ ಒರಗಿ ಕೂತುಬಿಟ್ಟಳು. ಪೈಲ್ವಾನ ಅಂದಿನ ಟೀ ಮುಟ್ಟಲಿಲ್ಲ. ನನ್ನ ಜನ್ಮದಲ್ಲಿ ಅಷ್ಟು ಉದ್ದದ ದಿನವನ್ನು ನಾನು ಕಂಡಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ನೀರು ಕೊಡಬಹುದೆಂದು ಗ್ಲಾಡಿಸ್ ಸಿಸ್ಟರ್ ಹೇಳಿದ ಕೂಡಲೇ ದೇವೀರಮ್ಮ ನನ್ನನ್ನು ಎತ್ತಿಕೊಂಡಳು. ಮರಿಸ್ವಾಮಿ ಮಂಪರಿನಲ್ಲಿದ್ದ. ತುಟಿಯ ಓರೆಗೆ ನನ್ನ ಕೊಕ್ಕು ತಾಗಿತು. ಅವಳು ಆಚೀಚೆ ನೋಡಲಿಲ್ಲ, ಸೆರಗು ಎಳೆದುಕೊಳ್ಳಲಿಲ್ಲ.

"ಕುಡ್ಕಳೋ ನನ್ ಮರಿ," ಎಂದಳು. "ಬಂದ್ಯಾ ಕಂದ? ಕುಡ್ಕಳೋ."

ಅವನು ಕಣ್ಣು ತೆರೆಯದೆ ಕುಡಿದ. ಎದುರು ಮಂಚದಲ್ಲಿ ಪೈಲ್ವಾನ ಗೋಡೆಯ ಕಡೆ ಮುಖ ತಿರುಗಿಸಿ ಮೂಗು ಒರೆಸಿಕೊಂಡ. ನನಗೂ ಅಳು ಬಂದಿತ್ತು, ನಾನು ಒದ್ದೆಯಾಗಿಯೇ ಇದ್ದುದರಿಂದ ಯಾರಿಗೂ ತಿಳಿಯಲಿಲ್ಲ.

ಆಮೇಲಿನದೆಲ್ಲ ಏರುದಾರಿ. ಮಂಚದ ತಲೆಯ ಕಡೆ ಸ್ವಲ್ಪ ಸ್ವಲ್ಪವೇ ಎತ್ತಿದರು. ಮರಿಸ್ವಾಮಿ ಬಾಗಿಲು ಕಂಡ, ಕಿಟಕಿ ಕಂಡ, ಇಷ್ಟು ದಿನ ದನಿಯಲ್ಲಷ್ಟೇ ಗೊತ್ತಿದ್ದ ಪೈಲ್ವಾನನ ಮೀಸೆ ಕಂಡು ಬೆರಗಾದ. ಸುಗುಣ ಹೆಣ್ಣುಕೂಸು ಹೆತ್ತಾಗ ದೇವೀರಮ್ಮ ಊರಿಗೆ ಹೋದಳು. ಅಷ್ಟೂ ದಿನ ಒಳಲೆ ಹಾಕಿದವನು ವಾಕರ್ ಹಿಡಿದು ಕುಂಟುತ್ತ ಬಂದ ಪೈಲ್ವಾನ. ಅವನಿಗೆ ಕೂಸಿನ ಮಾತು ಎಲ್ಲಿಂದ ಬರಬೇಕು? "ಹಿಡಿ! ನುಂಗು! ಭೇಷ್! ಇನ್ನೊಂದು ಪಟ್ಟು!" ಎಂದು ಗರಡಿಯ ಮಾತೇ ಹಾಕಿದ. ಅದೂ ಇಳಿಯಿತು. ಬರಬರುತ್ತ ಮರಿಸ್ವಾಮಿಯ ಬೆರಳುಗಳಿಗೆ ಜೀವ ಬಂದು, ಒಂದು ಬೆಳಿಗ್ಗೆ ಅವನೇ ನನ್ನನ್ನು ಹಿಡಿದ. ಅರ್ಧ ಎದೆಯ ಮೇಲೆ ಚೆಲ್ಲಿತು. ಚೆಲ್ಲಿದ್ದಕ್ಕೆ ವಾರ್ಡು ಚಪ್ಪಾಳೆ ತಟ್ಟಿತು.

ಮನೆಗೆ ಹೋಗುವ ದಿನ ಅವನ ಕೊರಳಿಗೆ ಪಟ್ಟಿ ಕಟ್ಟಿದ್ದರು, ಕೈಯಲ್ಲಿ ಊರುಗೋಲು. ನಾನು ಅವನ ಅಂಗಿಯ ಜೇಬಿನಲ್ಲಿದ್ದೆ. ಬಾಣಂತಿ ಮಗಳಿದ್ದ ದೇವೀರಮ್ಮನ ಮನೆಯ ಮುಂದೆ ಆಟೋ ನಿಂತಿತು. ಬೀದಿಯವರು, ನೆಂಟರು ನೆರೆದಿದ್ದರು. ಸುಗುಣ ಕೂಸನ್ನೆತ್ತಿಕೊಂಡು ನಡುಮನೆಯ ಬಾಗಿಲಲ್ಲಿ ನಿಂತಿದ್ದಳು. ದೇವೀರಮ್ಮ ಆರತಿ ತಟ್ಟೆ ಹಿಡಿದು ಹೊಸ್ತಿಲಿಗೆ ಬಂದಳು. ಅಷ್ಟು ಜನರನ್ನು ಕಂಡದ್ದೇ ತಡ, ಸೆರಗು ತಲೆಗೇರಿತು. "ಬನ್ನಿ ಅಳಿಯಂದ್ರೇ, ಬಲಗಾಲಿಟ್ಟು ಒಳಿಕ್ಕೆ ಬನ್ನಿ."

ಮರಿಸ್ವಾಮಿ ಕದಲಲಿಲ್ಲ. ಅವನ ಎದೆ ಬಡಿದುಕೊಳ್ಳುವುದು ಜೇಬಿನಲ್ಲಿದ್ದ ನನಗೆ ಕೇಳುತ್ತಿತ್ತು.

"ಅಳಿಯಂದ್ರು ಆಸ್ಪತ್ರೇಲೇ ಉಳ್ಕಂಡ್ರು ಕಣವ್ವ," ಎಂದ. "ಮರಿ ಬಂದವ್ನೆ. ಕರ್ಕೊ."

ಆರತಿ ತಟ್ಟೆಯ ಕೆಂಪು ನೀರು ತುಳುಕಿತು. ನೆಂಟರು ಮುಖ ಮುಖ ನೋಡಿಕೊಂಡರು. ದೇವೀರಮ್ಮ ತಟ್ಟೆಯನ್ನು ಪಕ್ಕದವಳ ಕೈಗೆ ಕೊಟ್ಟು, ಸೆರಗು ಜಾರಿದ್ದನ್ನೂ ನೋಡದೆ, ಎರಡೂ ಕೈಯಲ್ಲಿ ಅವನ ಮುಖ ಹಿಡಿದಳು. "ಬಾರೋ ನನ್ ಮರಿ. ಒಳಿಕ್ಕೆ ಬಾ." ಅಂದು ಅವನು ಎರಡು ತುತ್ತು ಹೆಚ್ಚಿಗೆ ಉಂಡ.

ಆ ಕೂಸು ನನ್ನಲ್ಲಿ ಕುಡಿದು ಬೆಳೆಯಿತು. ಲೋಟ ಹಿಡಿಯಲು ಕಲಿತ ಮೇಲೆ, ನನ್ನನ್ನು ಮತ್ತೆ ಅಟ್ಟಕ್ಕೆ ಹಾಕುವುದು ಬೇಡವೆಂದು ಹೇಳಿ ಮರಿಸ್ವಾಮಿಯೇ ಆಸ್ಪತ್ರೆಗೆ ತಂದು ಗ್ಲಾಡಿಸ್ ಸಿಸ್ಟರ್ ಕೈಗೆ ಕೊಟ್ಟ. ಪೈಲ್ವಾನ ಅಷ್ಟರಲ್ಲಿ ನಡೆದುಕೊಂಡೇ ಮನೆಗೆ ಹೋಗಿದ್ದ. ಅವನ ಮಾತು ಮಾತ್ರ ವಾರ್ಡಿನಲ್ಲಿ ಉಳಿದಿತ್ತು. ಈಗ ನಾನು ಅಲ್ಲಿಯ ಕಪಾಟಿನ ಮೂಲೆಯಲ್ಲಿ ಬಿಳಿ ಬಟ್ಟೆಯ ಮೇಲೆ ಇರುತ್ತೇನೆ. ಕೊಕ್ಕು ಸವೆದಿದೆ, ಹೊಟ್ಟೆಯಲ್ಲೊಂದು ನಗ್ಗು. ಕಂಚುಗಾರ ತುಟಿಗೆ ಒತ್ತಿ ನೋಡಿದ್ದು ಕೂಸುಗಳನ್ನು ನೆನೆದು. ನಾನು ಇಂಥ ದೊಡ್ಡ ಕೂಸುಗಳನ್ನೂ ಸಾಕುತ್ತೇನೆಂದು ಅವನಿಗೇನು ಗೊತ್ತಿತ್ತು?

ಮೊನ್ನೆ ನಿವೃತ್ತ ಹೆಡ್‌ಮಾಸ್ತರರೊಬ್ಬರನ್ನು ತಂದು ಮಲಗಿಸಿದ್ದಾರೆ. ಅಂಗಾತ ಮಲಗಿಯೂ ಗಂಟುಮುಖ. ಸೊಸೆಗೆ ಅವರ ಮುಂದೆ ಕೂತೇ ಅಭ್ಯಾಸವಿಲ್ಲ. ನಿಂತುಕೊಂಡೇ ನನ್ನನ್ನು ಅವರ ತುಟಿಗೆ ಇಟ್ಟಳು, ಅವರು ಹಲ್ಲು ಕಚ್ಚಿಕೊಂಡರು. ಎದುರು ಮಂಚದವನು ಕೂಗಿದ, "ಮಾತು ಹಾಕವ್ವ. ಈ ವಾರ್ಡ್ನಾಗೆ ಮಾತಿಲ್ದೆ ಒಳಲೆ ಇಲ್ಲ." ಸೊಸೆ ಬಾಗಿಲ ಕಡೆ ನೋಡಿದಳು, ಸಿಸ್ಟರ್ ಕಡೆ ನೋಡಿದಳು. ಸಿಸ್ಟರ್ ತಲೆ ಆಡಿಸಿದರು.

"ಕುಡ್ಕೊಳ್ಳಿ ಮಾವ," ಎಂದಳು ಪಿಸುದನಿಯಲ್ಲಿ. "ಜಾಣರು ನೀವು. ಇನ್ನೊಂದ್ ಗುಟುಕು."

ಹೆಡ್‌ಮಾಸ್ತರರು ಕೆಂಗಣ್ಣು ಬಿಟ್ಟು ನೋಡಿದರು. ಆದರೆ ಕೋಪ ಬಂದದ್ದು ನೀರು ಗಂಟಲಿಗೆ ಇಳಿದ ಮೇಲೆ. ನನಗೆ ಅಷ್ಟು ಸಾಕು.